ರಾತ್ರಿ ಇಳಿಯುವ ಸರಕು: ಶಿರಸಿಯ ಒಂದು ಓಣಿಯಲ್ಲಿ ಲಾರಿ ಮಾರ್ಗ ಮತ್ತು ಶಬ್ದದ ಪ್ರಕರಣ

ಶಿರಸಿ ಪೇಟೆಗೆ ಬೇಕಾದ ಸರಕಿನ ದೊಡ್ಡ ಪಾಲು ಕತ್ತಲಾದ ಮೇಲೆಯೇ ಬಂದು ಮುಟ್ಟುತ್ತದೆ. ಅಡಿಕೆ, ಕಾಳುಮೆಣಸು, ಏಲಕ್ಕಿ ಇಲ್ಲಿಂದ ಹೊರಗೆ ಹೋಗುವ ಮಾಲು. ಅಕ್ಕಿ, ಬೇಳೆ, ಸಕ್ಕರೆ, ತರಕಾರಿ, ಸಿಮೆಂಟು, ದನದ ಹಿಂಡಿ ಹೊರಗಿನಿಂದ ಬರುವ ಮಾಲು. ಹುಬ್ಬಳ್ಳಿಯಲ್ಲಿ ಸಂಜೆ ಲೋಡು ತುಂಬಿಕೊಂಡ ಲಾರಿ ನಡುರಾತ್ರಿಯೊಳಗೆ ಇಲ್ಲಿಗೆ ತಲುಪುತ್ತದೆ. ಕುಮಟಾ ಕಡೆಯಿಂದ ರಾಷ್ಟ್ರೀಯ ಹೆದ್ದಾರಿ 766ಇ ಹಿಡಿದು ದೇವಿಮನೆ ಘಟ್ಟ ಹತ್ತಿ ಬರುವ ಚಾಲಕರಿಗೂ ಬಸ್ಸು, ಕಾರುಗಳ ಗದ್ದಲ ಕಡಿಮೆಯಿರುವ ಹೊತ್ತೇ ಅನುಕೂಲ. ಇಲ್ಲಿ ವಿವರಿಸುತ್ತಿರುವ ಪ್ರಕರಣ ನಡೆದ ಓಣಿ ಪೇಟೆಯ ಅಂಚಿನಲ್ಲಿದೆ. ಅದರ ಒಂದು ತುದಿ ಮುಖ್ಯ ರಸ್ತೆಗೂ ಇನ್ನೊಂದು ತುದಿ ಪೇಟೆಯ ಹಿಂಭಾಗಕ್ಕೂ ತೆರೆದುಕೊಳ್ಳುತ್ತದೆ. ಹೆಚ್ಚಿನವು ಹಂಚಿನ ಮನೆಗಳು. ನಡುನಡುವೆ ತಾರಸಿ ಮನೆಗಳೂ ಎದ್ದಿವೆ. ಅಲ್ಲಿನ ಹಳೆಯ ಎರಡು ಮನೆಗಳನ್ನು ಕೆಲವು ವರ್ಷಗಳ ಹಿಂದೆ ಗೋದಾಮಾಗಿ ಮಾರ್ಪಡಿಸಲಾಯಿತು. ಒಂದರಲ್ಲಿ ಕಿರಾಣಿ ಸಗಟು ವ್ಯಾಪಾರ, ಇನ್ನೊಂದರಲ್ಲಿ ತರಕಾರಿಯ ಕ್ರೇಟುಗಳು. ಆಮೇಲೆ ಹಿಂಡಿ ವ್ಯಾಪಾರಿಯೊಬ್ಬರು ಪಕ್ಕದಲ್ಲೇ ಶೆಡ್ಡು ಹಾಕಿದರು.

ಗೋದಾಮು ಬಂದ ಮೊದಲ ದಿನಗಳಲ್ಲಿ ಯಾರೂ ತಕರಾರು ತೆಗೆಯಲಿಲ್ಲ, ಏಕೆಂದರೆ ಆಗ ಮಾಲು ಹಗಲಿನಲ್ಲಿ ಸಣ್ಣ ವಾಹನಗಳಲ್ಲಿ ಬರುತ್ತಿತ್ತು. ವ್ಯಾಪಾರ ಬೆಳೆದಂತೆ ಹತ್ತು ಚಕ್ರದ ಲಾರಿಗಳು ನೇರವಾಗಿ ಓಣಿಗೆ ಬರತೊಡಗಿದವು. ಹಗಲು ಪೇಟೆಯ ಬೀದಿಯಲ್ಲಿ ಅಂಥ ಲಾರಿ ನಿಲ್ಲಿಸಿದರೆ ಸಂಚಾರವೇ ಕಟ್ಟಿಹೋಗುವುದರಿಂದ ಪೊಲೀಸರು ಅದನ್ನು ನಿಲ್ಲಗೊಡುವುದಿಲ್ಲ. ಹೀಗಾಗಿ ಇಳಿಸುವ ಕೆಲಸ ರಾತ್ರಿಗೆ ಹೋಯಿತು. ರಾತ್ರಿ ಒಂದೂವರೆಗೆ ಒಂದು, ಮೂರಕ್ಕೆ ಇನ್ನೊಂದು, ನಾಲ್ಕರ ನಂತರ ತರಕಾರಿ ಗಾಡಿಗಳು ಎಂಬುದು ಓಣಿಯ ದಿನಚರಿಯಾಯಿತು. ಜೊತೆಗೆ ಮುಖ್ಯ ವೃತ್ತವನ್ನು ತಪ್ಪಿಸಲು ಇದೊಂದು ಒಳದಾರಿ ಎಂದು ಗೊತ್ತಾದ ಬೇರೆ ಲಾರಿಗಳೂ ಇಲ್ಲಿ ಮಾಲು ಇಳಿಸುವುದಿಲ್ಲವಾದರೂ ಹಾದುಹೋಗತೊಡಗಿದವು.

ಈ ಪ್ರಕರಣದಲ್ಲಿ ನನಗೆ ಮುಖ್ಯವೆನಿಸುವ ಸಂಗತಿ ಇಲ್ಲೇ ಇದೆ. ಹಗಲಿನ ದಟ್ಟಣೆಗೆ ಕಂಡುಕೊಂಡ ಪರಿಹಾರ ರಾತ್ರಿಯ ನಿದ್ರೆಯನ್ನು ಕಿತ್ತುಕೊಂಡಿತು. ಸಂಚಾರದ ವ್ಯವಸ್ಥೆ ಭಾರೀ ವಾಹನವನ್ನು ರಾತ್ರಿಗೆ ತಳ್ಳುತ್ತದೆ, ಶಬ್ದದ ಕಾನೂನು ರಾತ್ರಿ ಮೌನವಾಗಿರಬೇಕು ಎನ್ನುತ್ತದೆ; ಎರಡನ್ನೂ ಒಟ್ಟಿಗಿಟ್ಟು ನೋಡುವ ಹೊಣೆ ಯಾರ ಮೇಲೂ ಇಲ್ಲ. ಅದರ ಭಾರವೆಲ್ಲ ಓಣಿಯ ಮನೆಗಳ ಮೇಲೂ, ನಿದ್ದೆಗೆಟ್ಟು ಸ್ಟಿಯರಿಂಗ್ ಹಿಡಿದ ಚಾಲಕನ ಮೇಲೂ ಬೀಳುತ್ತದೆ.

ಶಬ್ದ ಎಲ್ಲಿಂದ ಬರುತ್ತದೆ

ನಿವಾಸಿಗಳು ಮೊದಲು "ಲಾರಿ ಶಬ್ದ" ಎಂದಷ್ಟೇ ದೂರಿದ್ದರು. ಆದರೆ ಒಂದು ವಹಿಯಲ್ಲಿ ಹೊತ್ತು ಮತ್ತು ಶಬ್ದದ ಬಗೆಯನ್ನು ಬರೆದಿಡಲು ತೊಡಗಿದ ಮೇಲೆ ಬೇರೆಯೇ ಚಿತ್ರ ಮೂಡಿತು. ಎಂಜಿನ್ನಿನ ಸದ್ದು ಜನರನ್ನು ಎಬ್ಬಿಸುವ ಕಾರಣಗಳಲ್ಲಿ ಮೊದಲನೆಯದಾಗಿರಲಿಲ್ಲ. ಹಮಾಲರನ್ನು ಕರೆಯಲು ಓಣಿಯ ಬಾಯಲ್ಲೇ ಹೊಡೆಯುವ ಏರ್ ಹಾರ್ನ್, ಹಿಂದೆ ಸರಿಯುವಾಗ ಹಾಡುವ ರಿವರ್ಸ್ ಹಾರ್ನ್, "ಬರ್ಲಿ, ಬರ್ಲಿ" ಎಂದು ಕ್ಲೀನರ್ ಹಾಕುವ ಕೂಗು, ಲಾರಿಯ ಹಿಂಬದಿಯ ಬಾಗಿಲು ಸರಪಳಿ ಸಮೇತ ಧಡ್ ಎಂದು ಬೀಳುವುದು, ಗೋದಾಮಿನ ರೋಲಿಂಗ್ ಶಟರ್, ಖಾಲಿ ಕ್ರೇಟುಗಳನ್ನು ಕಾಂಕ್ರೀಟಿನ ಮೇಲೆ ಎಸೆಯುವುದು ಇವೆಲ್ಲ ಬೇರೆ ಬೇರೆ ಮೂಲಗಳು. ಒಂದೊಂದಕ್ಕೂ ಬೇರೆ ಬೇರೆ ಉಪಾಯ ಬೇಕು. ಎಲ್ಲಕ್ಕಿಂತ ಜೋರಾದ ಸದ್ದು ಲಾರಿಯದಾಗಿರದೆ ರಸ್ತೆಯದಾಗಿತ್ತು. ಓಣಿಯ ತಿರುವಿನಲ್ಲಿ ಗಟಾರದ ಮೇಲಿನ ಕಲ್ಲುಚಪ್ಪಡಿಯೊಂದು ಸಡಿಲವಾಗಿದ್ದು, ಚಕ್ರ ಹತ್ತಿದಾಗೊಮ್ಮೆ ಇಳಿದಾಗೊಮ್ಮೆ ಬಡಿದುಕೊಳ್ಳುತ್ತಿತ್ತು.

ಮಲೆನಾಡಿನ ಮನೆಯ ಕಟ್ಟೋಣವನ್ನೂ ಇಲ್ಲಿ ಗಮನಿಸಬೇಕು. ಹಂಚಿನ ಮಾಡಿನಲ್ಲಿ ಗಾಳಿಯಾಡಲು ಸಂದುಗಳಿರುತ್ತವೆ, ಮರದ ಕಿಟಕಿ ಬಿಗಿಯಾಗಿ ಕೂರುವುದಿಲ್ಲ. ಸೆಕೆಗಾಲದಲ್ಲಿ ಅದನ್ನು ಮುಚ್ಚುವವರೂ ಇಲ್ಲ. ಗಾಜಿನ ಕಿಟಕಿ ಮುಚ್ಚಿಕೊಂಡು ಮಲಗುವ ದೊಡ್ಡ ನಗರದ ಮನೆಗಿಂತ ಇಲ್ಲಿ ಹೊರಗಿನ ಸದ್ದು ಹೆಚ್ಚು ಒಳಬರುತ್ತದೆ. ಮಳೆಗಾಲದಲ್ಲಿ ದೂರುಗಳು ನಿಂತುಹೋಗುತ್ತಿದ್ದುದಕ್ಕೆ ಕಾರಣ ಲಾರಿ ಕಡಿಮೆಯಾದದ್ದಲ್ಲ. ಹಂಚಿನ ಮೇಲೆ ಸುರಿಯುವ ಮಳೆ ಉಳಿದೆಲ್ಲ ಸದ್ದನ್ನೂ ನುಂಗುತ್ತಿತ್ತು. ದೀಪಾವಳಿ ಕಳೆದು ರಾತ್ರಿಗಳು ನಿಶ್ಶಬ್ದವಾದಾಗ ಅದೇ ಲಾರಿ ಮತ್ತೆ ಎಲ್ಲರನ್ನೂ ಎಬ್ಬಿಸತೊಡಗುತ್ತಿತ್ತು. ಹಿಂದಿನ ವರ್ಷದ ದೂರು ಮಳೆಗಾಲದಲ್ಲಿ ತಾನಾಗಿಯೇ ತಣ್ಣಗಾದ್ದರಿಂದ "ಆಗ ಸುಮ್ಮನಿದ್ದಿರಲ್ಲ" ಎಂಬ ಮಾತನ್ನೂ ನಿವಾಸಿಗಳು ಕೇಳಬೇಕಾಯಿತು.

ಕಾನೂನು ಏನು ಹೇಳುತ್ತದೆ, ಎಲ್ಲಿ ನಿಲ್ಲುತ್ತದೆ

ದೇಶದಲ್ಲಿ ಈ ವಿಷಯಕ್ಕೆ ಆಧಾರವಾಗಿರುವುದು 1986ರ ಪರಿಸರ ಸಂರಕ್ಷಣಾ ಕಾಯ್ದೆಯಡಿ ಬಂದ 2000ದ ಶಬ್ದಮಾಲಿನ್ಯ ನಿಯಂತ್ರಣ ನಿಯಮಗಳು. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್. ವಾಣಿಜ್ಯ ಪ್ರದೇಶದಲ್ಲಿ ಹಗಲು 65, ರಾತ್ರಿ 55. ಆಸ್ಪತ್ರೆ, ಶಾಲೆಯಂಥ ಜಾಗಗಳ ಸುತ್ತ ಗೊತ್ತುಮಾಡುವ ನಿಶ್ಶಬ್ದ ವಲಯದಲ್ಲಿ ಹಗಲು 50, ರಾತ್ರಿ 40 ಎಂಬುದು ಅಲ್ಲಿನ ಮಿತಿ. ರಾತ್ರಿ ಎಂದರೆ ಹತ್ತು ಗಂಟೆಯಿಂದ ಬೆಳಗಿನ ಆರರವರೆಗೆ. ಓಣಿಯ ಹತ್ತಿರ ಒಂದು ನರ್ಸಿಂಗ್ ಹೋಂ ಇರುವುದರಿಂದ ನೂರು ಮೀಟರ್ ಒಳಗಿನ ಜಾಗವೆಲ್ಲ ತಾನಾಗಿಯೇ ನಿಶ್ಶಬ್ದ ವಲಯವೆಂದು ನಿವಾಸಿಗಳು ನಂಬಿದ್ದರು. 2017ರ ತಿದ್ದುಪಡಿಯ ನಂತರ ಆ ವಾದ ನಿಲ್ಲುವುದಿಲ್ಲ. ರಾಜ್ಯ ಸರ್ಕಾರ ನಿರ್ದಿಷ್ಟವಾಗಿ ಅಧಿಸೂಚನೆ ಹೊರಡಿಸಿದರೆ ಮಾತ್ರ ಅದು ನಿಶ್ಶಬ್ದ ವಲಯವಾಗುತ್ತದೆ. ಇನ್ನು ಮನೆ, ಗೋದಾಮು ಬೆರೆತಿರುವ ಓಣಿಯನ್ನು ವಸತಿ ಎನ್ನಬೇಕೇ, ವಾಣಿಜ್ಯ ಎನ್ನಬೇಕೇ ಎಂಬುದೂ ವಿವಾದಕ್ಕೆ ಎಡೆಮಾಡಿಕೊಟ್ಟಿತು. ಹತ್ತು ಡೆಸಿಬಲ್ ವ್ಯತ್ಯಾಸವೆಂದರೆ ಶಬ್ದದ ಶಕ್ತಿಯಲ್ಲಿ ಹತ್ತು ಪಟ್ಟು ಅಂತರ. ಆದ್ದರಿಂದ ವರ್ತಕರು ಅದನ್ನು ವಾಣಿಜ್ಯ ಪ್ರದೇಶವೆನ್ನಬೇಕೆಂದು ಪಟ್ಟುಹಿಡಿದದ್ದರಲ್ಲಿ ಆಶ್ಚರ್ಯವಿಲ್ಲ.

ಆದರೆ ನನ್ನ ಅಭಿಪ್ರಾಯದಲ್ಲಿ ದೊಡ್ಡ ಅಡ್ಡಿ ಇರುವುದು ಅಳತೆಯ ವಿಧಾನದಲ್ಲಿ. ನಿಯಮ ಹೇಳುವ 45 ಡೆಸಿಬಲ್ ಕಾಲಾವಧಿಯ ಸರಾಸರಿಯೇ ಹೊರತು ಒಂದು ಕ್ಷಣದ ಗರಿಷ್ಠ ಮಟ್ಟವಲ್ಲ. ಮೂವತ್ತೈದು ಡೆಸಿಬಲ್ಲಿನ ಶಾಂತ ರಾತ್ರಿಯಲ್ಲಿ ಕ್ರೇಟು ಎಸೆದ ಸದ್ದು ಕಿಟಕಿಯ ಬಳಿ 85 ಡೆಸಿಬಲ್ ಇದ್ದು ಒಂದು ಸೆಕೆಂಡ್ ಉಳಿಯಿತೆಂದು ಇಟ್ಟುಕೊಳ್ಳೋಣ. ಅದರ ಶಕ್ತಿಯನ್ನು ಎಂಟು ಗಂಟೆಯ ರಾತ್ರಿಗೆ ಹಂಚಿದಾಗ ಆ ಒಂದು ಸದ್ದಿನಿಂದ ಸರಾಸರಿ ನಲವತ್ತೊಂದು ನಲವತ್ತೆರಡರ ಆಸುಪಾಸಿಗೆ ಏರುತ್ತದೆ, ಅಷ್ಟೇ. ಮಿತಿ ಮೀರಲಿಲ್ಲ, ಆದರೆ ಓಣಿಯೆಲ್ಲ ಎಚ್ಚರಾಯಿತು. ಅಂಥ ಇಪ್ಪತ್ತು ಹೊಡೆತಗಳು ಬಿದ್ದರೂ ಸರಾಸರಿ ಸುಮಾರು 53 ಮಾತ್ರ. ನಿಯಮ 7ರ ಪ್ರಕಾರ ಶಬ್ದದ ಮಟ್ಟವನ್ನೇ ಆಧಾರವಾಗಿಟ್ಟುಕೊಂಡು ದೂರು ಕೊಡಲು ಮಿತಿಗಿಂತ ಹತ್ತು ಡೆಸಿಬಲ್ ಅಥವಾ ಅದಕ್ಕಿಂತ ಹೆಚ್ಚು ಇರಬೇಕು, ಅಂದರೆ ವಸತಿ ಪ್ರದೇಶದ ರಾತ್ರಿಯಲ್ಲಿ 55 ಮುಟ್ಟಬೇಕು. ಒಂದೇ ರಾತ್ರಿ ಇಪ್ಪತ್ತು ಬಾರಿ ಬೆಚ್ಚಿ ಎದ್ದ ಮನೆಯವರಿಗೂ ಆ ಲೆಕ್ಕದಲ್ಲಿ ದೂರಿನ ಹಕ್ಕು ಸಿಗುವುದಿಲ್ಲ. ಮಲಗುವ ಕೋಣೆಯೊಳಗೆ ಬಿಡಿ ಸದ್ದು 45 ಡೆಸಿಬಲ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲೇ ಹೇಳಿತ್ತು. ನೆದರ್ಲೆಂಡ್ಸ್ ರಾತ್ರಿ ಹೊತ್ತು ಸರಕು ಇಳಿಸುವುದಕ್ಕೆ ರೂಪಿಸಿದ "ಪೀಕ್" ಮಾನದಂಡವೂ ಲಾರಿ, ತಳ್ಳುಗಾಡಿ, ಹಿಂಬಾಗಿಲುಗಳ ಗರಿಷ್ಠ ಸದ್ದನ್ನೇ ಅಳೆಯುತ್ತದೆ. ನಮ್ಮ ನಿಯಮಗಳಲ್ಲಿ ಸರಕು ಇಳಿಸುವ ಕೆಲಸಕ್ಕೆ ಅಂಥದೊಂದು ಅಳತೆ ಸೇರಲೇಬೇಕೆಂಬುದು ನನ್ನ ದೃಢವಾದ ನಿಲುವು.

ಹಾಗೆಂದು ಇರುವ ಕಾನೂನು ಕೈಕಟ್ಟಿ ಕೂತಿದೆ ಎಂದೇನಲ್ಲ. 2010ರಲ್ಲಿ ಸೇರಿಸಿದ ನಿಯಮ 5ಎ ವಸತಿ ಪ್ರದೇಶದಲ್ಲಿ ರಾತ್ರಿ ಹೊತ್ತು ಸಾರ್ವಜನಿಕ ತುರ್ತಿನ ಹೊರತು ಹಾರ್ನ್ ಹೊಡೆಯುವುದನ್ನೇ ನಿಷೇಧಿಸುತ್ತದೆ. ಇದಕ್ಕೆ ಡೆಸಿಬಲ್ ಮೀಟರ್ ಬೇಕಿಲ್ಲ. ಹಾರ್ನ್ ಹೊಡೆದದ್ದೇ ಉಲ್ಲಂಘನೆ, ಅದರ ಮೇಲೆ ನಿಯಮ 7ರಡಿ ದೂರು ಕೊಡಬಹುದು. ಸುಪ್ರೀಂ ಕೋರ್ಟ್ ಕೂಡ 2005ರ ಜುಲೈನಲ್ಲಿ ಕೊಟ್ಟ ಶಬ್ದಮಾಲಿನ್ಯದ ತೀರ್ಪಿನಲ್ಲಿ ವಸತಿ ಪ್ರದೇಶದಲ್ಲಿ ರಾತ್ರಿಯ ಹಾರ್ನನ್ನು ತಡೆದಿತ್ತು. ಹಲವು ಸ್ವರಗಳಲ್ಲಿ ಮೊಳಗುವ ಮತ್ತು ಕರ್ಕಶವಾದ ಹಾರ್ನುಗಳನ್ನು ವಾಹನಕ್ಕೆ ಅಳವಡಿಸುವುದೇ ಕೇಂದ್ರ ಮೋಟಾರು ವಾಹನ ನಿಯಮ 119ಕ್ಕೆ ವಿರುದ್ಧ. ಅನಗತ್ಯ ಹಾರ್ನಿಗೆ ಮೋಟಾರು ವಾಹನ ಕಾಯ್ದೆಯ ಕಲಂ 194ಎಫ್ ಅಡಿ ಮೊದಲ ಬಾರಿಗೆ ಒಂದು ಸಾವಿರ, ಮತ್ತೆ ಮಾಡಿದರೆ ಎರಡು ಸಾವಿರ ರೂಪಾಯಿ ದಂಡವಿದೆ. ದೂರು ಸ್ವೀಕರಿಸುವ ಪ್ರಾಧಿಕಾರದಲ್ಲಿ ಜಿಲ್ಲಾ ದಂಡಾಧಿಕಾರಿಯ ಜೊತೆಗೆ ಡಿವೈಎಸ್ಪಿ ದರ್ಜೆಗಿಂತ ಕೆಳಗಲ್ಲದ ಪೊಲೀಸ್ ಅಧಿಕಾರಿಯನ್ನೂ ಗೊತ್ತುಪಡಿಸಲು ಅವಕಾಶವಿರುವುದರಿಂದ, ಪ್ರತಿ ದೂರಿಗೂ ನೂರಕ್ಕೂ ಹೆಚ್ಚು ಕಿಲೋಮೀಟರ್ ಆಚೆಯ ಕಾರವಾರಕ್ಕೆ ಓಡಬೇಕಾದ ಪಾಡು ಶಿರಸಿಯವರಿಗೆ ಬರಬೇಕಾಗಿಲ್ಲ.

ಲಾರಿಯ ಮಾರ್ಗದ ವಿಷಯ ಬೇರೆ. ಅದಕ್ಕೆ ಮೋಟಾರು ವಾಹನ ಕಾಯ್ದೆಯ ಕಲಂ 115 ಬೇಕು. ಸಾರ್ವಜನಿಕ ಸುರಕ್ಷತೆ, ಅನುಕೂಲ ಅಥವಾ ರಸ್ತೆಯ ಸ್ವರೂಪದ ಕಾರಣಕ್ಕೆ ಒಂದು ವರ್ಗದ ವಾಹನಗಳನ್ನು ಒಂದು ರಸ್ತೆಯಲ್ಲಿ ನಿಷೇಧಿಸುವ ಅಧಿಕಾರ ಅದು. ನಿರ್ಬಂಧ ಒಂದು ತಿಂಗಳು ಮೀರುವುದಾದರೆ ರಾಜ್ಯಪತ್ರದಲ್ಲಿ ಪ್ರಕಟಿಸಬೇಕು, ಜೊತೆಗೆ ಕಲಂ 116ರಡಿ ಫಲಕ ನೆಡಬೇಕು. ಒಂದು ತಿಂಗಳೊಳಗಿನದಾದರೆ ಸ್ಥಳೀಯವಾಗಿ ಪ್ರಚಾರ ಮಾಡಿದರೆ ಸಾಕು. ಉತ್ತರ ಕನ್ನಡದವರಿಗೆ ಇಂಥ ನಿರ್ಬಂಧ ಹೊಸದಲ್ಲ. ದೇವಿಮನೆ ಘಟ್ಟದ ರಸ್ತೆ ಅಗಲೀಕರಣದ ಕಾಲದಲ್ಲಿ ಭಾರೀ ವಾಹನಗಳಿಗೆ ತಡೆ ಬಿದ್ದದ್ದನ್ನೂ, 2024ರ ಜುಲೈನಲ್ಲಿ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಮುಚ್ಚಿದಾಗ ಲಾರಿಗಳು ಬಳಸುದಾರಿ ಹಿಡಿದದ್ದನ್ನೂ ಜನ ಕಂಡಿದ್ದಾರೆ. ಒಂದು ದಾರಿ ಮುಚ್ಚಿದರೆ ಲಾರಿ ಮಾಯವಾಗುವುದಿಲ್ಲ, ಇನ್ನೊಬ್ಬರ ಮನೆಯ ಮುಂದೆ ಹೋಗುತ್ತದೆ ಎಂಬುದು ಆ ಅನುಭವದಿಂದ ಬಂದ ತಿಳಿವಳಿಕೆ. "ನಮ್ಮ ಓಣಿ ಬಂದ್ ಮಾಡಿ" ಎಂಬ ಬೇಡಿಕೆಯನ್ನು ಪಕ್ಕದ ಓಣಿಯವರು ಮೊದಲ ಸಭೆಯಲ್ಲೇ ವಿರೋಧಿಸಿದ್ದರಲ್ಲಿ ನ್ಯಾಯವಿತ್ತು.

ದಂಡದಿಂದ ಒಪ್ಪಂದದವರೆಗೆ

ಆರಂಭದಲ್ಲಿ ನಡೆದದ್ದು ಎಲ್ಲ ಊರಿನಲ್ಲೂ ನಡೆಯುವಂಥದ್ದೇ. ಯಾರೋ ರಾತ್ರಿ ಪೊಲೀಸರಿಗೆ ಫೋನು ಮಾಡುತ್ತಾರೆ, ಗಸ್ತಿನವರು ಬಂದು ಚಾಲಕನಿಗೆ ದಂಡ ಹಾಕುತ್ತಾರೆ, ಮಾರನೆಯ ವಾರ ಬೇರೆ ಲಾರಿ, ಬೇರೆ ಚಾಲಕ. ದಂಡ ಕಟ್ಟಿದವನು ಈ ಓಣಿಗೆ ಮತ್ತೆ ಬರುತ್ತಾನೋ ಇಲ್ಲವೋ ಗೊತ್ತಿಲ್ಲ. ಲಾರಿ ಎಷ್ಟು ಹೊತ್ತಿಗೆ ಬರಬೇಕು, ಎಲ್ಲಿ ನಿಲ್ಲಬೇಕು, ಹಮಾಲರು ಯಾವಾಗ ಸಿಗಬೇಕು ಎಂಬುದನ್ನು ಅವನು ತೀರ್ಮಾನಿಸುವುದಿಲ್ಲ. ತೀರ್ಮಾನಿಸುವವರು ಮಾಲು ತರಿಸುವ ವರ್ತಕರು ಮತ್ತು ಟ್ರಾನ್ಸ್‌ಪೋರ್ಟ್ ಆಫೀಸಿನವರು. ಬೇಗ ಖಾಲಿ ಮಾಡಿಸಿಕೊಂಡು ಹೊರಡದಿದ್ದರೆ ಚಾಲಕನಿಗೆ ಮುಂದಿನ ಬಾಡಿಗೆ ತಪ್ಪುತ್ತದೆ, ನಿಂತ ದಿನದ ಹಾಲ್ಟಿಂಗ್ ಹಣಕ್ಕಾಗಿ ಜಗಳವಾಡಬೇಕಾಗುತ್ತದೆ. ಹಾರ್ನ್ ಹೊಡೆದ ತಪ್ಪು ಅವನದೇ, ಅದಕ್ಕೆ ವಿನಾಯಿತಿ ಬೇಡ. ಆದರೆ ಅವನನ್ನು ಆ ಹೊತ್ತಿನಲ್ಲಿ ಆ ಓಣಿಗೆ ತಂದು ನಿಲ್ಲಿಸಿದ ಹೊಣೆ ಇನ್ನೊಬ್ಬರದು. ಈ ಮಾತನ್ನು ನಿವಾಸಿಗಳ ಮನವಿಯಲ್ಲಿ ಸೇರಿಸಿದ ಮೇಲೆ ಪ್ರಕರಣದ ದಿಕ್ಕು ಬದಲಾಯಿತು.

ಮನವಿಯನ್ನು ಡೆಸಿಬಲ್ ಲೆಕ್ಕದ ಮೇಲೆ ಕಟ್ಟಲಿಲ್ಲ. ಮೊಬೈಲ್ ಆ್ಯಪಿನ ಅಳತೆಗೆ ಕಾನೂನಿನ ಬೆಲೆಯಿಲ್ಲ, ಸರಾಸರಿಯ ಲೆಕ್ಕವೂ ಮೇಲೆ ಹೇಳಿದಂತೆ ನಿವಾಸಿಗಳ ಕೈಹಿಡಿಯುವಂಥದ್ದಲ್ಲ. ಅದರ ಬದಲು ವಹಿಯಲ್ಲಿ ಬರೆದ ಹೊತ್ತು, ಶಬ್ದದ ಬಗೆ ಮತ್ತು ಯಾವ ಗೋದಾಮಿಗೆ ಬಂದ ಮಾಲು ಎಂಬ ವಿವರಗಳನ್ನು ಲಗತ್ತಿಸಿದರು. ರಾತ್ರಿಯ ಹಾರ್ನಿಗೆ ನಿಯಮ 5ಎ, ಒಳದಾರಿಯಾಗಿ ಬಳಸುವ ಹೊರಗಿನ ಲಾರಿಗಳಿಗೆ ಕಲಂ 115ರಡಿ ಒಂದು ತಿಂಗಳ ಪ್ರಾಯೋಗಿಕ ನಿರ್ಬಂಧ, ಸಡಿಲ ಚಪ್ಪಡಿಗೆ ಸ್ಥಳೀಯ ಸಂಸ್ಥೆಯ ದುರಸ್ತಿ ಎಂದು ಒಂದೊಂದು ಬೇಡಿಕೆಯನ್ನೂ ಅದಕ್ಕೆ ಸಂಬಂಧಪಟ್ಟವರ ಮುಂದೆ ಪ್ರತ್ಯೇಕವಾಗಿ ಇಟ್ಟರು. ಎಲ್ಲವನ್ನೂ ಒಂದೇ ಅರ್ಜಿಯಲ್ಲಿ ತುರುಕಿದ್ದರೆ ಅದು ಮೇಜಿನಿಂದ ಮೇಜಿಗೆ ತಿರುಗುತ್ತಿತ್ತು. ಚಪ್ಪಡಿ ಬೇಗ ಸರಿಯಾಯಿತು. ಆ ಸಣ್ಣ ಕೆಲಸದಿಂದಲೇ ತಿರುವಿನ ಮನೆಯವರಿಗೆ ಅರ್ಧ ನೆಮ್ಮದಿ ಬಂತು.

ಮಾರ್ಗ ನಿರ್ಬಂಧದ ಮನವಿಯ ಕರಡು ವರ್ತಕರ ಕೈಗೆ ಸಿಕ್ಕಿದ ಮೇಲೆ ಅವರು ಮಾತುಕತೆಗೆ ಒಪ್ಪಿದರು. ಸಭೆಗೆ ಹಮಾಲರನ್ನೂ ಕರೆಯಬೇಕೆಂದು ಹಿರಿಯ ನಿವಾಸಿಯೊಬ್ಬರು ಹಟ ಹಿಡಿದದ್ದು ಬಹಳ ಒಳ್ಳೆಯದಾಯಿತು. ರಾತ್ರಿ ಇಳಿಸುವುದಕ್ಕೆ ಹಮಾಲಿ ದರ ಹೆಚ್ಚು. ಕೆಲಸ ಹಗಲಿಗೆ ಬಂದರೆ ಆ ಹೆಚ್ಚುವರಿ ಹೋಗುತ್ತದೆ. "ನಿದ್ದೆ ನಮಗೂ ಬೇಕು ಸ್ವಾಮಿ, ಆದರೆ ಅದಕ್ಕೆ ನಮ್ಮ ಕೂಲಿ ಕಡಿಮೆ ಮಾಡಿದರೆ ಹೇಗೆ?" ಎಂದು ಅವರಲ್ಲಿ ಹಿರಿಯರು ಕೇಳಿದ ಪ್ರಶ್ನೆಗೆ ಸಭೆಯಲ್ಲಿ ಯಾರೂ ತಕ್ಷಣ ಉತ್ತರ ಕೊಡಲಿಲ್ಲ. ಕೊನೆಗೆ ಬೆಳಗಿನ ಆರರಿಂದ ಎಂಟರವರೆಗೆ ಇಳಿಸುವ ಮಾಲಿಗೆ ರಾತ್ರಿ ದರಕ್ಕೂ ಹಗಲಿನ ದರಕ್ಕೂ ನಡುವಿನ ದರವೊಂದು ನಿಗದಿಯಾಯಿತು. ಶಬ್ದದ ವಿಷಯವಾಗಿ ಸೇರಿದ ಸಭೆಯಲ್ಲಿ ಕೂಲಿಯ ಮಾತೇ ಹೆಚ್ಚು ಹೊತ್ತು ನಡೆಯಿತು. ಅದು ಇತ್ಯರ್ಥವಾಗದೆ ಉಳಿದ ಯಾವ ಅಂಶವೂ ಜಾರಿಗೆ ಬರುತ್ತಿರಲಿಲ್ಲ ಎಂದು ನಾನು ಭಾವಿಸುತ್ತೇನೆ.

ಬರಹದಲ್ಲಿ ಮೂಡಿದ ಒಪ್ಪಂದದ ಪ್ರಕಾರ ಹತ್ತು ಚಕ್ರದ ಲಾರಿಗಳು ರಾತ್ರಿ ಬಂದರೆ ಊರಿನ ಹೊರಗಿನ ಪೆಟ್ರೋಲ್ ಬಂಕಿನ ಬಳಿಯ ಬಯಲಿನಲ್ಲಿ ನಿಂತು, ಆರರ ನಂತರ ಓಣಿಗೆ ಬರಬೇಕು. ನಿಂತ ಹೊತ್ತಿನ ಹಾಲ್ಟಿಂಗ್ ಹಣ ವರ್ತಕರದು, ಚಾಲಕನದಲ್ಲ. ತರಕಾರಿ ಆರರವರೆಗೆ ಕಾಯಲಾರದು, ಅಷ್ಟರಲ್ಲಿ ಹಳ್ಳಿಯ ಅಂಗಡಿಯವರು ಕೊಳ್ಳಲು ಬಂದಿರುತ್ತಾರೆ. ಆದ್ದರಿಂದ ತರಕಾರಿಗೆ ಮಾತ್ರ ಐದು ಗಂಟೆಯಿಂದ, ಅದೂ ಬಯಲಿನಲ್ಲೇ ಸಣ್ಣ ಗಾಡಿಗೆ ಬದಲಾಯಿಸಿ ತರಲು ಅವಕಾಶ. ಒಂದು ತುದಿಯಿಂದ ಒಳಬಂದು ಇನ್ನೊಂದು ತುದಿಯಿಂದ ಹೊರಹೋಗಬೇಕು, ಹಾಗಾದಾಗ ರಿವರ್ಸ್ ಹಾಕುವ ಪ್ರಸಂಗವೇ ಬರುವುದಿಲ್ಲ. ಹಮಾಲರನ್ನು ಕರೆಯಲು ಫೋನು, ಹಾರ್ನ್ ಅಲ್ಲ. ಇಳಿಸುವಾಗ ಎಂಜಿನ್ ಬಂದ್. ಕ್ರೇಟು ಕೈಯಿಂದ ಕೈಗೆ ಹೋಗಬೇಕು. ಗೋದಾಮಿನ ಮುಂದೆ ಹಳೆಯ ಟಯರಿನ ರಬ್ಬರ್ ಹಾಸಬೇಕು, ಲಾರಿಯ ಹಿಂಬಾಗಿಲಿನ ಸರಪಳಿಗೆ ಗೋಣಿ ಸುತ್ತಬೇಕು. ಶಟರಿಗೆ ಎಣ್ಣೆ ಹಾಕುವುದನ್ನೂ ಬರೆದುಕೊಂಡರು. ಇಂಥ ವಿವರಗಳು ಯಾವ ಕಾಯ್ದೆಯಲ್ಲೂ ಸಿಗುವುದಿಲ್ಲ, ಆದರೆ ರಾತ್ರಿ ಎಚ್ಚರವಾಗುವುದು ಇಂಥವುಗಳಿಂದಲೇ.

ಜಾರಿಯಾದ ಮೇಲೆ ಕಂಡದ್ದು ಮಿಶ್ರಫಲ. ಕಿರಾಣಿ ಮತ್ತು ತರಕಾರಿ ಗೋದಾಮಿನವರು ಮಾತಿಗೆ ಬದ್ಧರಾದರು. ಬೆಳಗಿನ ಆರರಿಂದ ಎಂಟರವರೆಗೆ ಶಾಲೆಯ ವಾಹನಗಳಿಗೂ ಲಾರಿಗೂ ಓಣಿಯಲ್ಲಿ ಘರ್ಷಣೆಯಾಯಿತು. ಶಾಲಾ ವಾಹನ ಬರುವ ಅರ್ಧ ಗಂಟೆ ಲಾರಿ ಒಳಗೆ ಬರದಂತೆ ತಿದ್ದುಪಡಿ ಮಾಡಿಕೊಂಡರು. ಹಿಂಡಿಯ ವ್ಯಾಪಾರಿ ಮಾತ್ರ ದೂರದ ಊರಿನ ಲಾರಿ ಕಾಯಲು ಒಪ್ಪುವುದಿಲ್ಲವೆಂಬ ಕಾರಣ ಕೊಟ್ಟು ಅನೇಕ ಬಾರಿ ನಡುರಾತ್ರಿಯಲ್ಲೇ ಇಳಿಸಿಕೊಂಡರು. ಅವರ ವಿರುದ್ಧ ಹಾರ್ನಿನ ದೂರು ದಾಖಲಿಸಬಹುದಿತ್ತು, ಆದರೆ ಆ ಚಾಲಕರು ಹಾರ್ನ್ ಹೊಡೆಯುತ್ತಿರಲಿಲ್ಲ. ಒಪ್ಪಂದದ ಈ ಭಾಗಕ್ಕೆ ಕಾನೂನಿನ ಬಲವಿಲ್ಲದಿರುವುದು ಆಗ ಸ್ಪಷ್ಟವಾಯಿತು. ಒಳದಾರಿ ಹಿಡಿಯುವ ಹೊರಗಿನ ಲಾರಿಗಳಿಗಂತೂ ಈ ಒಪ್ಪಂದ ಇರುವುದೇ ಗೊತ್ತಿಲ್ಲ. ಓಣಿಯ ಬಾಯಲ್ಲಿ ನಿವಾಸಿಗಳು ತಾವೇ ಬರೆಸಿ ಹಾಕಿದ ಬೋರ್ಡನ್ನು ಅವು ಪಾಲಿಸಬೇಕೆಂಬ ಕಟ್ಟುಪಾಡೂ ಇಲ್ಲ, ಏಕೆಂದರೆ ಅದು ಅಧಿಕೃತ ಫಲಕವಲ್ಲ.

ಇನ್ನೊಂದು ತೊಡಕು ಎರಡು ವರ್ಷಕ್ಕೊಮ್ಮೆ ಬರುತ್ತದೆ. ಮಾರಿಕಾಂಬಾ ಜಾತ್ರೆಯ ಸಮಯದಲ್ಲಿ ಪೇಟೆಯ ನಡುವಿನ ಬೀದಿಗಳು ಜನರಿಂದ ತುಂಬಿಹೋಗುವುದರಿಂದ ಸರಕಿನ ಗಾಡಿಗಳೆಲ್ಲ ಇಂಥ ಅಂಚಿನ ಓಣಿಗಳಿಗೇ ತಿರುಗುತ್ತವೆ, ಸರಕಿನ ಬೇಡಿಕೆಯೂ ಆಗಲೇ ಅತಿ ಹೆಚ್ಚು. ಜಾತ್ರೆಯ ದಿನಗಳಲ್ಲಿ ಮೌನ ಬೇಕೆಂದು ಓಣಿಯ ಯಾರೂ ಕೇಳುವುದಿಲ್ಲ. ಅವರು ಕೇಳುವುದು, ಆ ದಿನಗಳಿಗೆ ಲಾರಿ ನಿಲ್ಲುವ ಜಾಗ ಮತ್ತು ಬರುವ ಮಾರ್ಗವನ್ನು ಮುಂಚಿತವಾಗಿ ಗೊತ್ತುಮಾಡಿ ಎಂದಷ್ಟೇ.

ಹೀಗಾಗಿ ಬದಿಗಿಟ್ಟಿದ್ದ ಮಾರ್ಗ ನಿರ್ಬಂಧದ ಕರಡನ್ನು ನಿವಾಸಿಗಳು ಮತ್ತೆ ಕೈಗೆತ್ತಿಕೊಂಡಿದ್ದಾರೆ, ಈ ಸಲ ಪಕ್ಕದ ಓಣಿಯವರನ್ನೂ ಸೇರಿಸಿಕೊಂಡು. ಅದರಲ್ಲಿ ಕೇಳಿರುವುದು ಒಂದು ಓಣಿಯ ಬಂದ್ ಅಲ್ಲ: ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ಎರಡೂ ಓಣಿಗಳಲ್ಲಿ ಭಾರೀ ಸರಕು ವಾಹನಗಳಿಗೆ ಕಲಂ 115ರಡಿ ರಾಜ್ಯಪತ್ರದಲ್ಲಿ ಪ್ರಕಟವಾದ ನಿರ್ಬಂಧ, ಎರಡು ತುದಿಗಳಲ್ಲೂ ಅಧಿಕೃತ ಫಲಕ, ಮತ್ತು ಕಲಂ 117ರಡಿ ಊರಿನ ಹೊರಗೆ ಲಾರಿಗಳಿಗೊಂದು ನಿಲುಗಡೆ ತಾಣ. ಚಾಲಕರಿಗೆ ಅಲ್ಲಿ ನೀರು, ಶೌಚಾಲಯ, ಮಲಗಲು ನೆರಳು ಇರಬೇಕೆಂಬ ಸಾಲನ್ನು ಸೇರಿಸಿದವರು ತಿರುವಿನ ಮನೆಯ ನಿವಾಸಿಗಳೇ.